ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ರಿಪೇರಿಗೆ ಕೊಟ್ಟರೆ ಏನು ಮಾಡಿದೆವೆಂದು ಬರೆದು ಕೊಡುವುದಿಲ್ಲ. ಕಾಸರಗೋಡು ಕಡೆ ಯಾರಿಗಾದರೂ ಅನುಭವ ಉಂಟಾ?

ಎಡನಾಡು ಛಾಯಾ

ಎಲ್ಲರಿಗೂ ನಮಸ್ಕಾರ. ಬರೆದದ್ದು ಉದ್ದ ಆಗಿದೆ, ಆದರೂ ಪೂರ್ತಿ ಓದಿ ಏನಾದರೂ ದಾರಿ ಉಂಟಾ ಹೇಳಿ.

ನಾನು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಫೋಟೋ ತೆಗೆಯುವವ. ವೇಷಧಾರಿ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವಾಗ ಮಾರು ದೂರದಲ್ಲಿ ಕೂತು, ಫ್ಲ್ಯಾಶ್ ಹಾಕದೆ, ಅವರ ಗಮನ ಕೆಡಿಸದೆ ತೆಗೆಯಬೇಕು. ಈ ಕೆಲಸಕ್ಕೆ ರೇಂಜ್‌ಫೈಂಡರ್ ಹೇಳಿ ಮಾಡಿಸಿದ್ದು. ಒಳಗೆ ಕನ್ನಡಿ ಎದ್ದು ಬೀಳುವ ಸದ್ದಿಲ್ಲ, ಬಾಡಿ ಸಣ್ಣದು, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಚೌಕಟ್ಟಿನ ಹೊರಗೆ ಯಾರು ಬರುತ್ತಿದ್ದಾರೆ ಎಂಬುದೂ ಕಾಣುತ್ತದೆ. ಅಡಿಕೆಗೆ ಒಳ್ಳೆ ಧಾರಣೆ ಇದ್ದ ವರ್ಷ ಮನೆಯವರನ್ನೆಲ್ಲ ಕೇಳಿ, ಒಪ್ಪಿಸಿ ಹೊಸದೇ ತೆಗೆದುಕೊಂಡೆ. ಬಾಡಿಗೇ ಐದು ಲಕ್ಷದ ಮೇಲೆ, ಲೆನ್ಸ್ ಬೇರೆ. ಬಿಲ್ಲು, ವಾರಂಟಿ ಕಾರ್ಡು ಎಲ್ಲ ಉಂಟು. ಯಾವ ಕಂಪನಿ, ಯಾವ ಸರ್ವಿಸ್ ಸೆಂಟರ್ ಎಂದು ಬರೆಯುವುದಿಲ್ಲ, ವ್ಯವಹಾರ ಇನ್ನೂ ಮುಗಿದಿಲ್ಲ. ದಯವಿಟ್ಟು ಯಾರೂ ಊಹಿಸಿ ಹೆಸರು ಹಾಕಬೇಡಿ.

ತೊಂದರೆ ಎರಡು. 50 ಎಂ.ಎಂ. ಲೆನ್ಸಿನಲ್ಲಿ ಅಪರ್ಚರ್ (ಬೆಳಕು ಬರುವ ದ್ವಾರ) ದೊಡ್ಡದು ಮಾಡಿ ಎಫ್ 1.4 ಇಟ್ಟು ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಯ ಓಲೆ ಸ್ಪಷ್ಟ, ಕಣ್ಣು ಮಸುಕು. ಕಿಂಡಿಯಲ್ಲಿ ನೋಡುವಾಗ ಎರಡು ಬಿಂಬಗಳು ಸರಿಯಾಗಿ ಕೂಡಿಯೇ ಇರುತ್ತವೆ. ಎರಡನೆಯದು, ನಡುನಡುವೆ ಕ್ಯಾಮೆರಾ ಸ್ತಬ್ಧವಾಗುತ್ತದೆ. ಯಾವ ಬಟನ್ ಒತ್ತಿದರೂ ಉತ್ತರ ಇಲ್ಲ, ಬ್ಯಾಟರಿ ತೆಗೆದು ಮತ್ತೆ ಹಾಕಬೇಕು. ಕಿರೀಟ ವೇಷ ತೆರೆ ಸರಿಸಿ ಬರುವ ಹೊತ್ತಿಗೆ ಹೀಗಾದರೆ ಆ ಚಿತ್ರ ಹೋಯಿತು.

ಸೂಕ್ಷ್ಮ ಯಂತ್ರ, ಕೆಡಬಹುದು. ಅದನ್ನು ನಾನು ಒಪ್ಪುತ್ತೇನೆ. ನನಗೆ ಸಿಟ್ಟು ಬಂದದ್ದು ಆಮೇಲಿನದ್ದಕ್ಕೆ. ಪಿನ್‌ಕೋಡ್ ಹೇಳಿದ ಕೂಡಲೇ "ನಿಮ್ಮದು ಕೇರಳ, ಕೊಚ್ಚಿಯಲ್ಲಿ ಕೊಡಿ" ಎಂದರು. ಮಂಗಳೂರು ನಮಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮುಟ್ಟುವ ದೂರ, ಕೊಚ್ಚಿಗೆ ಇಡೀ ರಾತ್ರಿಯ ರೈಲು. ಆದರೂ ಕೊಟ್ಟೆ. ಅಲ್ಲಿಂದ ಇನ್ನೊಂದು ದೊಡ್ಡ ಪಟ್ಟಣಕ್ಕೆ ಹೋಯಿತಂತೆ. ತಿಂಗಳುಗಟ್ಟಲೆ ಕಾದ ಮೇಲೆ ವಾಪಸು ಬಂತು, ಜೊತೆಗೆ ಒಂದು ಸಾಲಿನ ಚೀಟಿ: "ಪರಿಶೀಲಿಸಿ ಸರಿಪಡಿಸಲಾಗಿದೆ." ಏನನ್ನು ಸರಿಪಡಿಸಿದರು? ಯಾವ ಲೆನ್ಸ್ ಹಾಕಿ ನೋಡಿದರು? ಮೊದಲು ಎಷ್ಟು ತಪ್ಪು ಇತ್ತು, ಈಗ ಎಷ್ಟು ಉಂಟು? ಫೋನಿನಲ್ಲಿ ಕೇಳಿದರೆ "ಟೆಕ್ನಿಶಿಯನ್ ಹತ್ತಿರ ಮಾತಾಡ್ಲಿಕ್ಕೆ ಆಗುವುದಿಲ್ಲ ಸರ್". ಮನೆಗೆ ತಂದು ತೆಗೆದರೆ ಮತ್ತೆ ಅದೇ ಓಲೆ, ಅದೇ ಮಸುಕು ಕಣ್ಣು. ಪುನಃ ಕಳಿಸಿದೆ. ಈ ಸಲ "ದೋಷ ಕಂಡುಬಂದಿಲ್ಲ". ಅಷ್ಟರಲ್ಲಿ ವಾರಂಟಿ ಮುಗಿಯಿತು. ಈಗ ಪೂರ್ಣ ಕ್ಯಾಲಿಬ್ರೇಶನ್ (ಅಳತೆ ನೋಡಿ ಹೊಂದಿಸುವುದು) ಎಂದು ದೊಡ್ಡ ಮೊತ್ತದ ಎಸ್ಟಿಮೇಟ್ ಕಳಿಸಿದ್ದಾರೆ. ಅದರಲ್ಲಿಯೂ ವಿವರ ಇಲ್ಲ.

ಮಾಡಿದ ಕೆಲಸವನ್ನು ಬರೆದು ಕೊಡಿ ಎಂದು ಕೇಳುವುದು ಹೆಚ್ಚಾಯಿತಾ? ನನಗೆ ಹಾಗೆ ಕಾಣುವುದಿಲ್ಲ.

ಸೂರಂಬೈಲು

ಓದಿ ಬೇಜಾರಾಯ್ತು ಅಣ್ಣ. ನಿಮ್ಮ ಚೌಕಿಯ ಚಿತ್ರಗಳನ್ನು ಜಾತ್ರೆಯ ಪ್ರದರ್ಶನದಲ್ಲಿ ನೋಡಿದ್ದೇನೆ. ಒಂದು ಪ್ರಶ್ನೆ, ಬೇರೆ ಲೆನ್ಸ್ ಹಾಕಿದರೂ ಹೀಗೇ ಆಗುತ್ತದಾ?

ಎಡನಾಡು ಛಾಯಾ

35 ಎಂ.ಎಂ. ಎಫ್ 2 ಉಂಟು. ಅದರಲ್ಲಿ ಕಡಿಮೆ ಗೊತ್ತಾಗುತ್ತದೆ, ಆದರೆ ಸರಿ ಉಂಟು ಎಂದು ಧೈರ್ಯದಿಂದ ಹೇಳ್ಲಿಕ್ಕೆ ಬರುವುದಿಲ್ಲ.

ನೀರ್ಚಾಲು ಮಾಷ್ಟ್ರು

ಎಡನಾಡಿನವರೇ, ಸ್ವಲ್ಪ ಭೌತಶಾಸ್ತ್ರ ಹೇಳುತ್ತೇನೆ, ನಿಮಗೆ ಸರ್ವಿಸಿನವರ ಹತ್ತಿರ ಮಾತಾಡುವಾಗ ಉಪಯೋಗಕ್ಕೆ ಬಂದೀತು.

ಈಗಿನ ಉಳಿದ ಹೆಚ್ಚಿನ ಕ್ಯಾಮೆರಾಗಳಲ್ಲಿ ಲೆನ್ಸ್ ಕಂಡದ್ದನ್ನೇ ನಾವು ಕಾಣುತ್ತೇವೆ. ರೇಂಜ್‌ಫೈಂಡರಿನಲ್ಲಿ ಹಾಗಲ್ಲ. ಮುಂದೆ ಎರಡು ಕಿಟಕಿ. ಒಂದರಿಂದ ನೇರ ದೃಶ್ಯ, ಅಲ್ಪ ದೂರದಲ್ಲಿರುವ ಇನ್ನೊಂದರಿಂದ ಅದೇ ದೃಶ್ಯ ಸ್ವಲ್ಪ ಬೇರೆ ಕೋನದಿಂದ ಬಂದು ನಡುವಿನ ಚೌಕದಲ್ಲಿ ಬೀಳುತ್ತದೆ. ಲೆನ್ಸಿನ ಉಂಗುರ ತಿರುಗಿಸಿದಾಗ ಅದರ ಹಿಂಭಾಗದ ಏರಿಳಿತದ ಅಂಚು ಬಾಡಿಯೊಳಗಿನ ಒಂದು ಸಣ್ಣ ಗಾಲಿಯನ್ನು ದೂಡುತ್ತದೆ. ಗಾಲಿ ಒಂದು ಸನ್ನೆಗೋಲಿನ ತುದಿಯಲ್ಲಿ ಉಂಟು. ಆ ಸನ್ನೆ ಎರಡನೇ ಬಿಂಬವನ್ನು ಆಚೀಚೆ ಸರಿಸುತ್ತದೆ. ಎರಡು ಬಿಂಬ ಕೂಡಿದಲ್ಲಿ ಫೋಕಸ್ ಎಂದು ಲೆಕ್ಕ. ಗಮನಿಸಿ, ಈ ಇಡೀ ವ್ಯವಸ್ಥೆ ಚಿತ್ರ ಹಿಡಿಯುವ ಸೆನ್ಸರನ್ನು ನೋಡುವುದೇ ಇಲ್ಲ. ಸನ್ನೆ ಕೂದಲೆಳೆಯಷ್ಟು ಸರಿದಿದ್ದರೂ ಕಿಂಡಿಯಲ್ಲಿ ಎಲ್ಲ ಸರಿ ಎಂದೇ ಕಾಣುತ್ತದೆ.

ಈಗ ನಿಮ್ಮ ಲೆನ್ಸಿನ ಲೆಕ್ಕ. 50 ಎಂ.ಎಂ., ಎಫ್ 1.4, ವಸ್ತು ಒಂದು ಮೀಟರಿನಲ್ಲಿ. ಮಸುಕಿನ ಚುಕ್ಕೆ ಎಷ್ಟು ಅಗಲ ಇರಬಹುದು ಎಂಬುದಕ್ಕೆ ಫಿಲ್ಮ್ ಕಾಲದ ಸಾಮಾನ್ಯ ಮಾನದಂಡ 0.03 ಎಂ.ಎಂ. ಹಿಡಿದರೂ ಸ್ಪಷ್ಟವಾಗಿ ಬರುವ ಆಳ ಹಿಂದೆ ಮುಂದೆ ಸೇರಿ 3.2 ಸೆಂಟಿಮೀಟರ್ ಆಸುಪಾಸು. 70 ಸೆಂಟಿಮೀಟರಿಗೆ ಹತ್ತಿರ ಹೋದರೆ ಅದರ ಅರ್ಧ. ಕಣ್ಣಿನಿಂದ ಓಲೆಗೆ ಎಷ್ಟು ದೂರ ಉಂಟು ಅಳೆದು ನೋಡಿ. ಹಾಗಾಗಿ ನಿಮಗೆ ಕಾಣುವುದು ಸಣ್ಣ ದೋಷ ಅಲ್ಲ. ಸೆನ್ಸರ್ ಸಪಾಟು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುತ್ತೇವೆ, ಆದ್ದರಿಂದ ಫಿಲ್ಮಿನಲ್ಲಿ ಮುಚ್ಚಿಹೋಗುತ್ತಿದ್ದ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ. ಡಿಜಿಟಲ್ ರೇಂಜ್‌ಫೈಂಡರಿನ ಇತಿಹಾಸದಲ್ಲಿ ದೋಷ ಹೊಸದಲ್ಲ. ಮೊದಲನೆಯದು 2004ರ ಎಪ್ಸನ್ ಆರ್-ಡಿ1, 6 ಮೆಗಾಪಿಕ್ಸೆಲ್. 2006ರಲ್ಲಿ ಲೈಕಾ ಎಂ8 ಬಂತು. ಅದರ ಸೆನ್ಸರಿಗೆ ಅವಕೆಂಪು ಕಿರಣ ಹೆಚ್ಚು ತಾಗುತ್ತಿತ್ತು, ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಕಾಣುತ್ತಿತ್ತು. ಕಂಪನಿ ಅದನ್ನು ಒಪ್ಪಿಕೊಂಡು ಖರೀದಿಸಿದವರಿಗೆ ಎರಡು ಫಿಲ್ಟರ್ ಉಚಿತವಾಗಿ ಕೊಟ್ಟಿತು. 2009ರ ಎಂ9ರಲ್ಲಿ ಸೆನ್ಸರಿನ ಮೇಲಿನ ಗಾಜಿಗೆ ತೇವಾಂಶದಿಂದ ಸವೆತ ಬಂದು ಚಿತ್ರದಲ್ಲಿ ಉಂಗುರದಂಥ ಕಲೆಗಳು ಬಿದ್ದವು. ಅದನ್ನೂ ಒಪ್ಪಿ ಸೆನ್ಸರ್ ಬದಲಿಸಿ ಕೊಟ್ಟರು. ಆಮೇಲೆ ಉಚಿತಕ್ಕೆ ವರ್ಷದ ಮಿತಿ ಹಾಕಿದರು, ಕೊನೆಗೆ ಬದಲಿ ಸೆನ್ಸರಿನ ದಾಸ್ತಾನೇ ಮುಗಿಯಿತು. ಹೊರಗಿನ ಕೆಲವು ವರ್ಕ್‌ಶಾಪಿನವರು ಗಾಜು ಮಾತ್ರ ಬದಲಿಸಿ ಎಷ್ಟೋ ಕ್ಯಾಮೆರಾಗಳನ್ನು ಉಳಿಸಿದರು. ನಾನು ಇದನ್ನು ಹೇಳಿದ್ದು ಯಾಕೆಂದರೆ, ದೋಷ ಇಂಥದ್ದು ಎಂದು ತಯಾರಕರು ಲಿಖಿತವಾಗಿ ಹೇಳಿದಲ್ಲಿ ಮಾಲೀಕರಿಗೆ ಮುಂದೇನು ಎಂದು ಗೊತ್ತಾಯಿತು. ನಿಮಗೆ ಸಿಗದೆ ಇರುವುದು ಅದೇ.

ಮಧೂರು ಸ್ಟುಡಿಯೋ

ನಾನು ಮದುವೆ ಫೋಟೋ ತೆಗೆಯುವವಳು, ಹಾಗಾಗಿ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಈಗಿನ ಮಿರರ್‌ಲೆಸ್ ಬಾಡಿಗಳು ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸದ್ದೇ ಇಲ್ಲ. ನಿಮ್ಮ ದುಡ್ಡಿನಲ್ಲಿ ಅಂಥದ್ದು ಎರಡು ಬಾಡಿ, ಲೆನ್ಸ್ ಸಮೇತ ಬರುತ್ತಿತ್ತು. ಒಂದು ಕೆಟ್ಟರೆ ಇನ್ನೊಂದು ಕೈಯಲ್ಲಿ ಇರುತ್ತದೆ. ನನ್ನ ಬಾಡಿ ಮಂಗಳೂರಿನಲ್ಲಿಯೇ ರಿಪೇರಿ ಆಗುತ್ತದೆ. ಸರ್ವಿಸ್ ಹತ್ತಿರ ಇಲ್ಲದ ಯಂತ್ರವನ್ನು, ಅದೂ ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟವೇ ಅಲ್ಲಾಡುತ್ತಿರುವ ಕಾಲದಲ್ಲಿ, ಯಾಕೆ ಇಟ್ಟುಕೊಳ್ಳಬೇಕು? ಈಗ ಮಾರಿದರೂ ಒಳ್ಳೆ ಬೆಲೆ ಬಂದೀತು.

ಎಡನಾಡು ಛಾಯಾ

ಅಕ್ಕ, ತಪ್ಪು ತಿಳಿಯುವುದು ಎಂತಕ್ಕೆ, ನೀವು ಹೇಳಿದ್ದು ಲೆಕ್ಕಕ್ಕೆ ಸರಿಯೇ. ಮಿರರ್‌ಲೆಸ್ ನಾನೂ ಬಳಸಿದ್ದೇನೆ, ಒಳ್ಳೆ ಕ್ಯಾಮೆರಾ. ಚೌಕಿಯ ಎಲ್‌ಇಡಿ ಬಲ್ಬಿನ ಕೆಳಗೆ ಎಲೆಕ್ಟ್ರಾನಿಕ್ ಶಟರಿನಲ್ಲಿ ಕೆಲವೊಮ್ಮೆ ಪಟ್ಟೆ ಬಂತು. ಅದು ಸಣ್ಣ ವಿಷಯ, ದಾರಿ ಉಂಟು. ದೊಡ್ಡ ವಿಷಯ ಬೇರೆ. ಪರದೆಯಲ್ಲಿ ನೋಡುವಾಗ ನಾನು ಚಿತ್ರವನ್ನು ನೋಡುತ್ತೇನೆ, ಈ ಕಿಂಡಿಯಲ್ಲಿ ನೋಡುವಾಗ ಮನುಷ್ಯರನ್ನು ನೋಡುತ್ತೇನೆ. ಹಿರಿಯ ಬಣ್ಣದ ವೇಷಧಾರಿ ಮುಖಕ್ಕೆ ಚುಟ್ಟಿ (ಬಿಳಿ ಉಬ್ಬು ಚುಕ್ಕೆ) ಇಡುವಾಗ ಪಕ್ಕದಲ್ಲಿ ಹೊಸ ಹುಡುಗ ಅದನ್ನೇ ನೋಡುತ್ತಾ ಕೂತಿರುತ್ತಾನೆ. ಚೌಕಟ್ಟಿನ ಹೊರಗೆ ಅವನ ಮುಖ ಕಂಡದ್ದರಿಂದಲೇ ನಾನು ಕ್ಯಾಮೆರಾ ಒಂದಿಷ್ಟು ಎಡಕ್ಕೆ ತಿರುಗಿಸಿದ್ದು.

ಮಾರುವ ವಿಷಯ. ದೋಷ ಇರುವ ಕ್ಯಾಮೆರಾವನ್ನು ದೋಷ ಹೇಳದೆ ಮಾರುವುದು ನನ್ನಿಂದ ಆಗುವ ಕೆಲಸ ಅಲ್ಲ. ಹೇಳಿ ಮಾರಿದರೆ ಯಾರು ತೆಗೆದುಕೊಳ್ಳುತ್ತಾರೆ?

ಮಧೂರು ಸ್ಟುಡಿಯೋ

ಸರಿ, ಅರ್ಥ ಆಯ್ತು. ಹಾಗಾದರೆ ಸರಿ ಮಾಡಿಸಿಯೇ ಬಿಡಿ. ಹೋರಾಡುವವರ ಜೊತೆ ನಾನೂ ಇದ್ದೇನೆ.

ಕುಂಬಳೆ ಟು ದುಬೈ

ಗಲ್ಫಿನಿಂದ ಬರೆಯುತ್ತಿದ್ದೇನೆ. ಊರಿಗೆ ಬರುವಾಗ ಕ್ಯಾಮೆರಾ ತರುವವರು ಇಲ್ಲಿ ಬಹಳ ಮಂದಿ ಇದ್ದಾರೆ, ಅವರಿಗಾಗಿ ಎರಡು ಮಾತು. ಕೆಲವು ಕಂಪನಿಗಳ ವಾರಂಟಿ ಎಲ್ಲ ದೇಶಗಳಿಗೂ ಅನ್ವಯ, ಕೆಲವದ್ದು ಖರೀದಿಸಿದ ವಲಯಕ್ಕೆ ಮಾತ್ರ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಕಾರ್ಡಿನ ಹಿಂಬದಿ ಓದಿ, ಸೀಲು ಮತ್ತು ತಾರೀಕು ಹಾಕಿಸಿ.

ಊರಿನಿಂದ ರಿಪೇರಿಗೆಂದು ಹೊರದೇಶಕ್ಕೆ ಒಯ್ಯುವುದಾದರೆ ಮಂಗಳೂರಿನ ಬಜ್ಪೆಯಲ್ಲೋ ಕಣ್ಣೂರಿನಲ್ಲೋ ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬಾಡಿ ಮತ್ತು ಲೆನ್ಸಿನ ಸೀರಿಯಲ್ ನಂಬರ್ ಅದರಲ್ಲಿ ಬರೆಯಿಸಬೇಕು. ಇಲ್ಲದಿದ್ದರೆ ವಾಪಸು ಬರುವಾಗ ಹೊಸದು ತಂದಿದ್ದೀರಿ ಎಂದು ತಡೆದರೆ ನಮ್ಮ ಹತ್ತಿರ ತೋರಿಸ್ಲಿಕ್ಕೆ ಏನೂ ಇರುವುದಿಲ್ಲ. ಕೊರಿಯರಿನಲ್ಲಿ ಕಳಿಸಿದರೆ ಇದಕ್ಕಿರುವ ಕಸ್ಟಮ್ಸ್ ಅಧಿಸೂಚನೆ ನೋಡಿ. ರಿಪೇರಿಗೆ ಹೋಗಿ ಮರಳಿ ಬಂದ ವಸ್ತುವಿಗೆ ಪೂರ್ತಿ ಬೆಲೆಯ ಮೇಲೆ ಸುಂಕ ಹಾಕುವಂತಿಲ್ಲ. ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿ ಬರುವ ಸಾಗಣೆ ಮತ್ತು ವಿಮೆ, ಇಷ್ಟರ ಮೇಲೆ ಮಾತ್ರ. ಕಳಿಸುವಾಗಲೇ ಕಾಗದದಲ್ಲಿ ರಿಪೇರಿಗಾಗಿ ಎಂದು ಇರಬೇಕು, ಬಂದದ್ದು ಅದೇ ವಸ್ತು ಎಂದು ಸೀರಿಯಲ್ ನಂಬರಿನಿಂದ ತೋರಿಸಬೇಕು.

ತಲಪಾಡಿ ಯಂತ್ರದವರು

ನಾನು ಮಂಗಳೂರಿನಲ್ಲಿ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುತ್ತಿದ್ದವ. ಈಗ ಕೆಲಸ ನಿಲ್ಲಿಸಿದ್ದೇನೆ, ಕೈಗೆ ನಡುಕ ಬಂದಿದೆ. ಮಾಷ್ಟ್ರು ಹೇಳಿದ್ದಕ್ಕೆ ಒಳಗಿನ ವಿಷಯ ಸೇರಿಸುತ್ತೇನೆ.

ರೇಂಜ್‌ಫೈಂಡರಿನಲ್ಲಿ ಹೊಂದಿಸುವ ಜಾಗ ಒಂದಲ್ಲ. ಅನಂತಕ್ಕೆ, ಅಂದರೆ ತೀರಾ ದೂರಕ್ಕೆ, ಒಂದು, ಹತ್ತಿರದ ದೂರಕ್ಕೆ ಇನ್ನೊಂದು, ಬಿಂಬ ಮೇಲೆ ಕೆಳಗೆ ಆಗಿದ್ದರೆ ಅದಕ್ಕೆ ಬೇರೆಯೇ ಸ್ಕ್ರೂ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಆದ್ದರಿಂದ ಅನಂತ ಸರಿ ಮಾಡಿ, ಹತ್ತಿರ ನೋಡಿ, ಮತ್ತೆ ಅನಂತ ನೋಡಿ, ಹೀಗೆ ಎರಡೂ ಕೂಡುವವರೆಗೆ ತಾಳ್ಮೆಯಿಂದ ಮಾಡಬೇಕು. ಅವಸರದವರು ಅನಂತ ಒಂದನ್ನು ಸರಿ ಮಾಡಿ ಬಿಟ್ಟುಬಿಡುತ್ತಾರೆ. ಆಚೆ ಬೆಟ್ಟ ಸರಿ ಕಾಣುತ್ತದೆ, ಎದುರಿನ ಮನುಷ್ಯ ತಪ್ಪುತ್ತಾನೆ. ನಿಮ್ಮದು ಓದಿದರೆ ನನಗೆ ಹಾಗೇ ಕಾಣುತ್ತದೆ, ನೋಡದೆ ಖಂಡಿತ ಹೇಳಲಾರೆ.

ನೀವೇ ಬಿಚ್ಚಬೇಡಿ. ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿ ಸಣ್ಣ ಅಲೆನ್ ಕೀ ಹಾಕಿ ತಿರುಗಿಸುವವರಿದ್ದಾರೆ. ಸ್ಕ್ರೂ ಮೇಲೆ ಮೆರುಗೆಣ್ಣೆಯ ಗುರುತು ಇರುತ್ತದೆ. ಅದು ಒಡೆದದ್ದು ಕಂಡರೆ ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟುತ್ತಾರೆ.

ಬೇಸರದ ವಿಷಯ ಒಂದುಂಟು. ಹಳೆ ಯಂತ್ರಕ್ಕೆ ನಾವು ಭಾಗ ತರಿಸುತ್ತಿದ್ದೆವು, ಇಲ್ಲದಿದ್ದರೆ ಲೇತಿನಲ್ಲಿ ಮಾಡಿಸುತ್ತಿದ್ದೆವು. ಡಿಜಿಟಲ್ ಬಂದ ಮೇಲೆ ಬೋರ್ಡು, ಸೆನ್ಸರು, ಕ್ಯಾಲಿಬ್ರೇಶನ್ ಸಾಫ್ಟ್‌ವೇರ್ ಯಾವುದೂ ನಮ್ಮಂಥವರ ಕೈಗೆ ಬರುವುದಿಲ್ಲ. ಕೈಕೆಲಸ ಗೊತ್ತಿದ್ದ ಎಷ್ಟೋ ಜನ ಕರಾವಳಿಯಲ್ಲಿ ಅಂಗಡಿ ಮುಚ್ಚಿದರು. ಕೌಂಟರಿನಲ್ಲಿ ಕ್ಯಾಮೆರಾ ತೆಗೆದುಕೊಳ್ಳುವ ಹುಡುಗನಿಗೆ ಕ್ಯಾಮೆರಾ ಬಿಚ್ಚಿ ಗೊತ್ತಿರುವುದಿಲ್ಲ, ಅವನನ್ನು ಬೈದು ಪ್ರಯೋಜನ ಇಲ್ಲ. ಇದನ್ನು ಬಿಚ್ಚುವವರು ಯಾರು, ಯಾವ ಊರಿನಲ್ಲಿ, ಹೊಂದಿಸುವ ಬೆಂಚು ಅಲ್ಲಿ ಉಂಟಾ ಎಂದು ಕೇಳಿ. ಇಲ್ಲ ಎಂದರೆ ತಯಾರಿಸಿದ ದೇಶಕ್ಕೇ ಕಳಿಸಿ ಎಂದು ಹೇಳಿ. ಲೆನ್ಸ್ ಮತ್ತು ಬಾಡಿ ಎರಡನ್ನೂ ಒಟ್ಟಿಗೆ ಕೊಡಿ. ಬಾಡಿ ಮಾತ್ರ ಕೊಟ್ಟರೆ ತಪ್ಪು ಲೆನ್ಸಿನದ್ದು ಎನ್ನುತ್ತಾರೆ, ಲೆನ್ಸ್ ಮಾತ್ರ ಕೊಟ್ಟರೆ ಬಾಡಿಯದ್ದು ಎನ್ನುತ್ತಾರೆ.

ನೀರ್ಚಾಲು ಮಾಷ್ಟ್ರು

ತಲಪಾಡಿಯವರು ಹೇಳಿದ್ದು ಬಹಳ ಮುಖ್ಯ. ಅದಕ್ಕೆ ಎಡನಾಡಿನವರು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬೇಕು, ಯಾರೂ ಅಲ್ಲಗಳೆಯಲಾಗದ ಹಾಗೆ.

ಮೊದಲು ಅನಂತ. ದೂರದ ಮೊಬೈಲ್ ಟವರೋ ದೀಪಸ್ತಂಭವೋ ಬೇಕು. ಬೇಕಲ ಕೋಟೆ ಹತ್ತಿ ಸಮುದ್ರದ ಅಂಚು ನೋಡಿ ಪರೀಕ್ಷೆ ಮಾಡಿದೆ ಎಂದು ಒಬ್ಬ ಹಳೆ ವಿದ್ಯಾರ್ಥಿ ಹೇಳಿದ. ಅದು ಆಗುವುದಿಲ್ಲ. ಬಿಂಬ ಸರಿಯುವುದು ಅಡ್ಡಕ್ಕೆ. ಸಮುದ್ರದ ಅಂಚೂ ಅಡ್ಡವೇ, ಹಾಗಾಗಿ ಎಷ್ಟು ಸರಿದಿದ್ದರೂ ಗೊತ್ತಾಗುವುದಿಲ್ಲ. ನೇರ ನಿಂತ ಗೆರೆ ಬೇಕು. ಸಮುದ್ರದ ಅಂಚಿನಿಂದ ಬಿಂಬ ಮೇಲೆ ಕೆಳಗೆ ಆಗಿದೆಯಾ ಎಂಬುದನ್ನು ಮಾತ್ರ ನೋಡಬಹುದು. ಉಂಗುರ ಅನಂತದ ಕೊನೆಗೆ ಮುಟ್ಟಿದಾಗ ಟವರಿನ ಎರಡು ಬಿಂಬ ಒಂದಾಗಬೇಕು, ಮುಂಚೆಯೂ ಅಲ್ಲ, ದಾಟಿಯೂ ಅಲ್ಲ.

ಆಮೇಲೆ ಹತ್ತಿರ. ಗಟ್ಟಿ ಟ್ರೈಪಾಡಿನ ಮೇಲೆ ಕ್ಯಾಮೆರಾ ಇಡಿ. ಒಂದು ಮೀಟರ್ ದೂರದಲ್ಲಿ ನೇರ ನಿಲ್ಲಿಸಿದ ಗೆರೆ, ಅದರ ಪಕ್ಕ 45 ಡಿಗ್ರಿ ಓರೆಗೆ ಒಂದು ಸ್ಕೇಲ್, ಸ್ಕೇಲಿನ ನಡುವಿನ ಗುರುತು ಗೆರೆಯ ಸಮಕ್ಕೆ ಬರಲಿ. ಗೆರೆಗೆ ರೇಂಜ್‌ಫೈಂಡರಿನಿಂದ ಫೋಕಸ್ ಮಾಡಿ, ದೊಡ್ಡ ಅಪರ್ಚರಿನಲ್ಲಿ ತೆಗೆಯಿರಿ. ಪ್ರತಿ ಸಲ ಉಂಗುರವನ್ನು ಪೂರ್ತಿ ತಿರುಗಿಸಿ ಹೊಸದಾಗಿ ಫೋಕಸ್ ಮಾಡಬೇಕು. ಕೆಲವು ಸಲ ಅನಂತದ ಕಡೆಯಿಂದ ಬನ್ನಿ, ಕೆಲವು ಸಲ ಹತ್ತಿರದ ಕಡೆಯಿಂದ. ಅದೇ ಜಾಗದಲ್ಲಿ ಲೈವ್ ವ್ಯೂ (ಸೆನ್ಸರ್ ಕಂಡದ್ದನ್ನೇ ತೋರಿಸುವುದು) ಹಾಕಿ ಪರದೆಯಲ್ಲಿ ದೊಡ್ಡದು ಮಾಡಿ ಫೋಕಸ್ ಮಾಡಿದ ಚಿತ್ರವೂ ಇರಲಿ. ಲೈವ್ ವ್ಯೂನಲ್ಲಿ ಸ್ಪಷ್ಟ, ರೇಂಜ್‌ಫೈಂಡರಿನಲ್ಲಿ ಪ್ರತಿ ಸಲವೂ ಒಂದೇ ಕಡೆಗೆ ತಪ್ಪು ಎಂದಾದರೆ ನಿಮ್ಮ ಕೈ ತಪ್ಪಿದ್ದಲ್ಲ. ಎರಡು ಲೆನ್ಸಿನಲ್ಲೂ ಒಂದೇ ಕಡೆಗೆ ತಪ್ಪಿದರೆ ಬಾಡಿಯ ಮೇಲೆ ಅನುಮಾನ, ಒಂದರಲ್ಲಿ ಮಾತ್ರ ಆದರೆ ಲೆನ್ಸಿನ ಮೇಲೆ.

ಎಚ್ಚರಿಕೆ ಒಂದು. ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಸಣ್ಣದು ಮಾಡುತ್ತಾ ಹೋದಂತೆ ಫೋಕಸ್ ಬಿಂದುವೇ ಸ್ವಲ್ಪ ಸರಿಯುತ್ತದೆ. ಅದು ಗಾಜಿನ ಸ್ವಭಾವ, ರಿಪೇರಿಯಿಂದ ಹೋಗುವುದಲ್ಲ. ಆದ್ದರಿಂದ ಎಲ್ಲವನ್ನೂ ದೊಡ್ಡ ಅಪರ್ಚರಿನಲ್ಲಿಯೇ ತೆಗೆಯಿರಿ.

ಪೆರ್ಲದ ಹುಡುಗ

ಸ್ತಬ್ಧ ಆಗುವುದಕ್ಕೆ ಬೇರೆ ಕಂಪನಿಯ ಮೆಮೊರಿ ಕಾರ್ಡ್ ಹಾಕಿ, ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ನೋಡಿ. ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಎರಡೂ ಮಾಡಿದ ಮೇಲೂ ಆದರೆ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಸೀರಿಯಲ್ ನಂಬರ್ ಕಾಣುವ ಹಾಗೆ ಶುರು ಮಾಡಿ, ನಡುವೆ ಕಟ್ ಮಾಡಬೇಡಿ. ಬಿಟ್ಟುಬಿಟ್ಟು ಬರುವ ದೋಷಕ್ಕೆ ಅವರು "ಕಂಡುಬಂದಿಲ್ಲ" ಎಂದು ಬರೆಯುವುದು ಸುಲಭ.

ಗಡಿನಾಡ ವಕೀಲ

ಇದನ್ನು ಓದುತ್ತಾ ಇದ್ದೆ. ಕಾನೂನಿನ ಕಡೆ ನೋಡುವಾಗ ನಿಮ್ಮ ಸ್ಥಿತಿ ನೀವು ತಿಳಿದಷ್ಟು ದುರ್ಬಲ ಅಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಹಳೆ ಕಾಯ್ದೆಯಲ್ಲಿ ಎದುರು ಪಕ್ಷದವರ ಕಚೇರಿ ಎಲ್ಲಿದೆಯೋ, ವ್ಯವಹಾರದ ಕಾರಣ ಎಲ್ಲಿ ಹುಟ್ಟಿತೋ ಅಲ್ಲಿಗೆ ನಾವು ಹೋಗಬೇಕಿತ್ತು. ಈಗ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಂದರೆ ಕಾಸರಗೋಡು ಜಿಲ್ಲಾ ಗ್ರಾಹಕ ಆಯೋಗದಲ್ಲಿ. ಕೊಚ್ಚಿಗೂ ಬೇಡ, ಅದರಾಚೆಯ ಪಟ್ಟಣಕ್ಕೂ ಬೇಡ. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗದ ವ್ಯಾಪ್ತಿ. ಶುಲ್ಕ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ಆನ್‌ಲೈನಿನಲ್ಲಿಯೂ ಸಲ್ಲಿಸಬಹುದು. ಗಡುವು ಮರೆಯಬೇಡಿ, 69ನೇ ಸೆಕ್ಷನ್ ಪ್ರಕಾರ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ.

ಅವರು ಎತ್ತಬಹುದಾದ ಆಕ್ಷೇಪ ಒಂದು: ಇದು ವಾಣಿಜ್ಯ ಉದ್ದೇಶಕ್ಕೆ ಕೊಂಡದ್ದು, ಹಾಗಾಗಿ ನೀವು ಗ್ರಾಹಕರಲ್ಲ ಎಂದು. ನೀವು ಹವ್ಯಾಸಕ್ಕೆ, ದಾಖಲೆಗೆ ತೆಗೆಯುವವರು, ನಿಮಗೆ ಅದು ತಾಗುವುದಿಲ್ಲ. ಮಧೂರಿನ ಅಕ್ಕನಂತೆ ದುಡಿಮೆಗೆ ಬಳಸುವವರೂ ಭಯಪಡಬೇಕಾಗಿಲ್ಲ. ಸ್ವಂತ ಉದ್ಯೋಗ ಮಾಡಿ ಜೀವನ ಸಾಗಿಸುವುದಕ್ಕಾಗಿಯೇ ಕೊಂಡ ವಸ್ತುವನ್ನು ಕಾಯ್ದೆಯೇ ಆ ನಿಬಂಧನೆಯಿಂದ ಹೊರಗೆ ಇಟ್ಟಿದೆ. ವಸ್ತುವಿನ ದೋಷವನ್ನು ಪರೀಕ್ಷೆ ಮಾಡದೆ ಹೇಳ್ಲಿಕ್ಕೆ ಆಗದಿದ್ದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಉಂಟು. ಮಾಷ್ಟ್ರು ಹೇಳಿದ ಪರೀಕ್ಷೆಯ ಚಿತ್ರಗಳು ಅಲ್ಲಿಗೆ ಹೋಗುವ ಮೊದಲೇ ಅರ್ಧ ಕೆಲಸ ಮಾಡುತ್ತವೆ.

ಆದರೆ ದೂರು ಕೊನೆಯ ಹೆಜ್ಜೆ. ಮೊದಲು ಪತ್ರ ಬರೆಯಿರಿ, ಇಮೇಲ್ ಒಂದು, ಸ್ಪೀಡ್ ಪೋಸ್ಟ್ ಒಂದು. ಸಿಟ್ಟಿನ ಮಾತು ಬೇಡ. ವಾರಂಟಿ ಇರುವಾಗಲೇ ಈ ದೋಷವನ್ನು ತಿಳಿಸಿದ್ದೆ, ತಾರೀಕು ಇಂಥದ್ದು, ನಿಮ್ಮ ಚೀಟಿಯ ಸಂಖ್ಯೆ ಇಂಥದ್ದು, ದೋಷ ಹೋಗಿಲ್ಲ, ಆದ್ದರಿಂದ ಇದು ವಾರಂಟಿ ಕಾಲದ ದೂರೇ, ಹೊಸದಲ್ಲ. ಮೊದಲ ವಾಕ್ಯದಲ್ಲಿಯೇ ಇದು ಬರಬೇಕು. ಎಸ್ಟಿಮೇಟ್ ಒಪ್ಪಿಕೊಂಡು ದುಡ್ಡು ಕಟ್ಟಿದರೆ ಈ ವಾದ ಸಡಿಲ ಆಗುತ್ತದೆ, ಹಾಗಾಗಿ ಈಗ ಕಟ್ಟಬೇಡಿ. ಪ್ರತಿ ಸಲ ಏನು ಪರೀಕ್ಷಿಸಿದಿರಿ, ಯಾವ ಅಳತೆ ಬಂತು, ಯಾವ ಭಾಗ ಮುಟ್ಟಿದಿರಿ ಎಂಬುದನ್ನು ಲಿಖಿತವಾಗಿ ಕೇಳಿ, ಉತ್ತರಕ್ಕೆ ನ್ಯಾಯವಾದ ಗಡುವು ಕೊಡಿ. ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ನೋಂದಾಯಿಸಿ. ಕೆಲವು ವಿವಾದಗಳು ಅಲ್ಲಿಯೇ ಮುಗಿಯುತ್ತವೆ.

ತಲಪಾಡಿ ಯಂತ್ರದವರು

ವಕೀಲರೇ, ರಿಪೇರಿಯ ಹಕ್ಕು ಎಂದು ಕೇಂದ್ರ ಸರ್ಕಾರ ಏನೋ ಮಾಡಿತ್ತಲ್ಲ, ಅದು ನಮ್ಮಂಥ ಸಣ್ಣ ರಿಪೇರಿಯವರಿಗೆ ಪ್ರಯೋಜನ ಉಂಟಾ?

ಗಡಿನಾಡ ವಕೀಲ

2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನ, ಗೃಹಬಳಕೆಯ ವಸ್ತು, ವಾಹನ ಈ ನಾಲ್ಕು ವಲಯ. ಕಂಪನಿಗಳು ತಮ್ಮ ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಒಂದೇ ಕಡೆ ಕೊಡಲಿ ಎಂದು ಉದ್ದೇಶ. ಕಂಪನಿಯವರು ಬಿಡಿಭಾಗ ಕೊಡಲೇಬೇಕೆಂದು ಹಿಡಿದು ನಿಲ್ಲಿಸುವಷ್ಟು ಬಲ ಅದಕ್ಕಿಲ್ಲ. ನಿಮ್ಮಂಥ ಕೈಗಳು ಇರುವಾಗಲೇ ಅಂಥ ಕಾನೂನು ಬರಬೇಕಿತ್ತು.

ಎಡನಾಡು ಛಾಯಾ

ಎಲ್ಲರಿಗೂ ಮನಸಾರೆ ಧನ್ಯವಾದ. ಪರೀಕ್ಷೆ ಮಾಡಿದೆ. ಮನೆಯ ಜಗಲಿಯಲ್ಲಿ ಮಗಳು ಸ್ಕೇಲ್ ಹಿಡಿದು ಸಹಾಯ ಮಾಡಿದಳು.

ಅನಂತ ಸರಿಯಾಗಿಯೇ ಉಂಟು. ಸೀತಾಂಗೋಳಿ ಕಡೆಯ ಟವರ್ ಉಂಗುರದ ಕೊನೆಯಲ್ಲಿ ಚೊಕ್ಕವಾಗಿ ಕೂಡುತ್ತದೆ. ಒಂದು ಮೀಟರಿನಲ್ಲಿ 50 ಎಂ.ಎಂ. ಪ್ರತಿ ಸಲವೂ ಹಿಂದಕ್ಕೆ ಹೋಗುತ್ತದೆ, ಯಾವ ಕಡೆಯಿಂದ ತಿರುಗಿಸಿ ಬಂದರೂ. ಲೈವ್ ವ್ಯೂನಲ್ಲಿ ಫೋಕಸ್ ಮಾಡಿದ್ದು ಗೆರೆಯ ಮೇಲೆಯೇ ಕೂತಿದೆ. 35 ಎಂ.ಎಂ.ನಲ್ಲಿಯೂ ಹಿಂದಕ್ಕೇ, ಅಳತೆ ಸ್ವಲ್ಪ ಕಡಿಮೆ. ಅಂದರೆ ತಲಪಾಡಿಯ ಅಣ್ಣ ನೋಡದೆಯೇ ಹೇಳಿದ್ದು ಹೊಂದುತ್ತದೆ: ಅನಂತ ಸರಿ ಮಾಡಿ ಹತ್ತಿರದ್ದನ್ನು ಬಿಟ್ಟಿದ್ದಾರೆ. ನೀವು ಬರೆದದ್ದು ಓದುವಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ಸ್ಪಷ್ಟವಾದ ಒಂದು ಮಾತನ್ನು ಅಲ್ಲಿ ಯಾರೂ ನನಗೆ ಹೇಳಲಿಲ್ಲ.

ಬೇರೆ ಕಾರ್ಡ್ ಹಾಕಿ, ಫರ್ಮ್‌ವೇರ್ ಹೊಸದು ಮಾಡಿದ ಮೇಲೆಯೂ ಕ್ಯಾಮೆರಾ ಸ್ತಬ್ಧ ಆಯಿತು. ವಿಡಿಯೋ ಸಿಕ್ಕಿದೆ, ಸೀರಿಯಲ್ ನಂಬರ್ ಕಾಣುತ್ತದೆ.

ವಕೀಲರು ಹೇಳಿದ ಹಾಗೆ ಪತ್ರ ಬರೆದು, ಚಿತ್ರಗಳನ್ನು ಸೇರಿಸಿ ಕಳಿಸಿದ್ದೇನೆ. ಎಸ್ಟಿಮೇಟಿಗೆ ಒಪ್ಪಿಗೆ ಕೊಟ್ಟಿಲ್ಲ.

ಸೂರಂಬೈಲು

ಇದೇ ಬೇಕಾದದ್ದು. ಮಳೆ ಶುರು ಆಗುವ ಮೊದಲು ಮುಗಿಯಲಿ ಅಣ್ಣ. ಮಳೆಗಾಲ ಹಿಡಿದರೆ ಅವರ ಗೋದಾಮಿನಲ್ಲಿ ಹೇಗೆ ಇಡುತ್ತಾರೋ. ನನ್ನ ಒಂದು ಲೆನ್ಸಿಗೆ ಬೂಷ್ಟು ಹಿಡಿದದ್ದು ಹಾಗೇ.

ಮಧೂರು ಸ್ಟುಡಿಯೋ

ಮನೆಯಲ್ಲಿಯೂ ಜಾಗ್ರತೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಡ್ರೈ ಕ್ಯಾಬಿನೆಟ್ ಇದ್ದರೆ 45 ಶೇಕಡಾ ಆಸುಪಾಸಿಗೆ ಇಡಿ, ತೀರಾ ಒಣಗಿಸುವುದೂ ಒಳ್ಳೆಯದಲ್ಲ. ಇಲ್ಲದವರು ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಇಟ್ಟರೆ ಸಾಕು. ಜೆಲ್ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಚರ್ಮದ ಕೇಸಿನೊಳಗೆ ಮಾತ್ರ ಇಡಬೇಡಿ, ಬೂಷ್ಟು ಹತ್ತಲು ಅದೇ ಸಾಕು.

ಎಡನಾಡು ಛಾಯಾ

ಇವತ್ತು ಉತ್ತರ ಬಂತು. ಪೂರ್ತಿ ಒಪ್ಪಿಲ್ಲ. ಆದರೆ "ಹಿಂದಿನ ದೂರಿನ ಮುಂದುವರಿಕೆ ಎಂದು ಪರಿಗಣಿಸಿ ಮರುಪರಿಶೀಲಿಸುತ್ತೇವೆ, ಲೆನ್ಸ್ ಸಹಿತ ಕಳಿಸಿ" ಎಂದು ಬರೆದಿದ್ದಾರೆ. ಅಳತೆಯ ವರದಿ ಕೊಡುವ ಬಗ್ಗೆ ಏನೂ ಹೇಳಿಲ್ಲ.

ಗಡಿನಾಡ ವಕೀಲ

"ಮುಂದುವರಿಕೆ" ಎಂದು ಅವರೇ ಬರೆದದ್ದು ನಿಮಗೆ ದೊಡ್ಡ ಆಧಾರ. ಆ ಇಮೇಲನ್ನು ಪ್ರಿಂಟ್ ತೆಗೆದು ಇಡಿ. ಕಳಿಸುವ ಮೊದಲು ಇನ್ನೊಂದು ಸಾಲು ಬರೆಯಿರಿ: ಅನಂತ ಮತ್ತು ಒಂದು ಮೀಟರ್, ಎರಡರಲ್ಲೂ ರಿಪೇರಿಗೆ ಮೊದಲಿನ ಮತ್ತು ನಂತರದ ಅಳತೆ ಬೇಕು, ಅದನ್ನು ಒಪ್ಪಿದ ಮೇಲೆ ಕಳಿಸುತ್ತೇನೆ ಎಂದು.

ತಲಪಾಡಿ ಯಂತ್ರದವರು

ಪ್ಯಾಕ್ ಮಾಡುವಾಗ ಪ್ರತಿ ಹಂತದ ಫೋಟೋ ತೆಗೆಯಿರಿ, ಬಾಡಿಯ ನಾಲ್ಕೂ ಬದಿ, ಮೌಂಟಿನ (ಲೆನ್ಸ್ ಕೂರುವ ಜಾಗದ) ಒಳಗೆ ಗಾಲಿ ಕಾಣುವ ಹಾಗೆ. ಬ್ಯಾಟರಿ, ಕಾರ್ಡ್, ಕುತ್ತಿಗೆಯ ಪಟ್ಟಿ ಕಳಿಸಬೇಡಿ. ಸಾಗಣೆಯ ವಿಮೆ ಪೂರ್ತಿ ಬೆಲೆಗೆ ಮಾಡಿಸಿ. ವಾಪಸು ಬಂದ ದಿನ ನನಗೆ ತಿಳಿಸಿ, ಬರುತ್ತೇನೆ. ಕೈ ನಡುಗಿದರೂ ಕಣ್ಣು ಸರಿ ಉಂಟು.

ನೀರ್ಚಾಲು ಮಾಷ್ಟ್ರು

ನಮ್ಮ ಮನೆಗೇ ಬನ್ನಿ ಎಲ್ಲರೂ. ಟೆರೇಸಿನಿಂದ ಟವರ್ ಕಾಣುತ್ತದೆ, ಒಳಗೆ ಉದ್ದದ ಕೋಣೆ ಉಂಟು. ಸ್ಕೇಲ್ ಮತ್ತು ಗೆರೆಯ ಹಲಗೆ ನಾನು ಮಾಡಿಸಿ ಇಡುತ್ತೇನೆ. ಬೇರೆ ಯಾರದ್ದಾದರೂ ರೇಂಜ್‌ಫೈಂಡರ್ ಇದ್ದರೆ, ಫಿಲ್ಮಿನದ್ದಾದರೂ ಸರಿ, ತನ್ನಿ. ನೋಡುವ.

ಪೆರ್ಲದ ಹುಡುಗ

ಅಜ್ಜನ ಫಿಲ್ಮ್ ರೇಂಜ್‌ಫೈಂಡರ್ ಒಂದು ಅಟ್ಟದಲ್ಲಿ ಉಂಟು, ತರುತ್ತೇನೆ. ಟ್ರೈಪಾಡ್ ನನ್ನದು ಹಗುರ. ಮಧೂರಿನ ಅಕ್ಕ, ನಿಮ್ಮ ಸ್ಟುಡಿಯೋದ ಭಾರದ್ದು ಸಿಗಬಹುದಾ?

ಮಧೂರು ಸ್ಟುಡಿಯೋ

ಸಿಗುತ್ತದೆ. ಮದುವೆ ಇಲ್ಲದ ದಿನ ನೋಡಿ ಇಡಿ, ನಾನೇ ತರುತ್ತೇನೆ.